ಮನೆಯಂಗಳದಲ್ಲಿ ಮುಂಗಡ ಲೆಟ್ಯೂಸ್
(ಮತ್ತಿಗಿರಿ ಭಾಗದ ಸದಸ್ಯ ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕಬ್ಬು ಬೆಳೆಗಾರರ ಸಭೆಯಲ್ಲಿ ಕಬ್ಬಿನ ಮಾತನ್ನು ಬಿಟ್ಟು ಸೊಪ್ಪಿನ ಮಾತೆತ್ತಿದರೆ ತಮಗೆ ಆಶ್ಚರ್ಯವಾಗಬಹುದು. ಕಬ್ಬು ವರ್ಷದ ಬೆಳೆ. ನಾಟಿ ಮಾಡಿದ ಮೇಲೆ ಹತ್ತು ಹನ್ನೆರಡು ತಿಂಗಳು ಕಾದು, ಕಟಾವಾಗಿ, ತೂಕವಾಗಿ, ಬಿಲ್ಲು ಬರುವ ತನಕ ಮನೆಯ ಒಲೆ ದಿನವೂ ಉರಿಯಲೇಬೇಕು. ಹಿತ್ತಲಿನಲ್ಲಿ ಬೆಳೆದ ಒಂದು ಹಿಡಿ ಸೊಪ್ಪು ಅಷ್ಟರಮಟ್ಟಿಗೆ ಸಂತೆಯ ಖರ್ಚನ್ನು ಉಳಿಸುತ್ತದೆ. ಆ ಸೊಪ್ಪುಗಳ ಪೈಕಿ ಇತ್ತೀಚಿನ ವರ್ಷಗಳಲ್ಲಿ ನಮ್ಮ ಹೊಸೂರು, ಮತ್ತಿಗಿರಿ, ಬಾಗಲೂರು, ಕೆಲಮಂಗಲ ಭಾಗಗಳಲ್ಲಿ ಬಹಳ ಜನ ವಿಚಾರಿಸುತ್ತಿರುವುದು ಲೆಟ್ಯೂಸ್ ಎಂಬ ಸೀಮೆ ಸೊಪ್ಪನ್ನು.

ಅವರ ವಿಚಾರಣೆಯ ಜೊತೆಗೆ ಒಂದು ದೂರೂ ಇರುತ್ತದೆ. "ಅಂಗಡಿಯಿಂದ ಬೀಜ ತಂದೆವು, ಬಿತ್ತಿದೆವು, ನೀರು ಹಾಕಿದೆವು, ಒಂದೂ ಹುಟ್ಟಲಿಲ್ಲ, ಬೀಜ ಕಳಪೆ" ಎಂಬುದೇ ಆ ದೂರು. ಕೆಲವು ಸಲ ಬೀಜ ಹಳೆಯದಿರಬಹುದು. ಆದರೆ ಅನೇಕ ಸಲ ಬೀಜ ಸತ್ತಿರುವುದಿಲ್ಲ, ಮಲಗಿರುತ್ತದೆ. ಹಾಗೆ ಮಲಗುವುದಕ್ಕೆ ಕಾರಣವೇನು, ಅದನ್ನು ಎಬ್ಬಿಸುವುದು ಹೇಗೆ, ಬೆಳೆದ ಎಲೆಯನ್ನು ಅಪಾಯವಿಲ್ಲದೆ ತಿನ್ನುವುದು ಹೇಗೆ, ಇವೇ ನನ್ನ ಇಂದಿನ ಮಾತಿನ ವಿಷಯ.

ಬೀಜದ ಸ್ವಭಾವ

ಕಬ್ಬಿನ ತುಂಡಿನ ಸ್ವಭಾವ ತಮಗೆ ಚೆನ್ನಾಗಿ ಗೊತ್ತಿದೆ. ನೆಲ ಬೆಚ್ಚಗಿದ್ದರೆ ಕಬ್ಬಿನ ಕಣ್ಣು ಬೇಗ ಒಡೆಯುತ್ತದೆ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ನೆಟ್ಟರೆ ಮೊಳಕೆ ತಡವಾಗುತ್ತದೆ. ಲೆಟ್ಯೂಸ್ ಬೀಜದ ಸ್ವಭಾವ ಇದಕ್ಕೆ ತೀರಾ ವಿರುದ್ಧವಾದುದು. 15ರಿಂದ 20 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಅದು ಮೂರು ನಾಲ್ಕು ದಿನಗಳಲ್ಲಿ ಸಲೀಸಾಗಿ ಮೊಳೆಯುತ್ತದೆ. ಮಣ್ಣಿನ ಶಾಖ 30 ಡಿಗ್ರಿ ಮೀರಿತೆಂದರೆ ಬಹುಪಾಲು ತಳಿಗಳ ಬೀಜ ನೀರು ಕುಡಿದು ಉಬ್ಬಿದರೂ ಮೊಳಕೆ ಹೊರಡಿಸುವುದಿಲ್ಲ. ಶಾಖ ಒಂದೆರಡು ದಿನಗಳಲ್ಲಿ ಇಳಿದರೆ ಬಹಳಷ್ಟು ಬೀಜಗಳು ಮತ್ತೆ ಎಚ್ಚರಗೊಳ್ಳುತ್ತವೆ. ಒದ್ದೆಯಲ್ಲಿ ಬಹಳ ದಿನ ಶಾಖದಲ್ಲೇ ಉಳಿದರೆ ನಿದ್ರೆ ಗಾಢವಾಗುತ್ತದೆ. ಆಮೇಲೆ ತಂಪು ಮಾಡಿದರೂ ಸುಲಭವಾಗಿ ಏಳುವುದಿಲ್ಲ.

ಈ ಬೀಜಕ್ಕೆ ಬೆಳಕೂ ಬೇಕು. 1952ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಕೇಂದ್ರದ ವಿಜ್ಞಾನಿಗಳಾದ ಬಾರ್ಥ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು ಗ್ರ್ಯಾಂಡ್ ರ್‍ಯಾಪಿಡ್ಸ್ ಎಂಬ ಲೆಟ್ಯೂಸ್ ತಳಿಯ ಬೀಜವನ್ನು ನೆನೆಸಿ ಕತ್ತಲಲ್ಲಿಟ್ಟು, ಸ್ವಲ್ಪ ಹೊತ್ತು ಕೆಂಪು ಬೆಳಕು ತೋರಿಸಿದರು. ಬೀಜ ಮೊಳೆಯಿತು. ಕೆಂಪಿಗೂ ಆಚೆಯ, ಕಣ್ಣಿಗೆ ಕಂಡೂ ಕಾಣದಂತಿರುವ ಬೆಳಕನ್ನು ತೋರಿಸಿದರೆ ಮಲಗಿತು. ಎರಡನ್ನೂ ಒಂದಾದ ಮೇಲೊಂದರಂತೆ ಎಷ್ಟು ಸಲ ತೋರಿಸಿದರೂ ಕೊನೆಗೆ ತೋರಿಸಿದ ಬೆಳಕು ಯಾವುದೋ ಅದರಂತೆಯೇ ಬೀಜ ನಡೆದುಕೊಂಡಿತು. ಗಿಡಗಳು ಬೆಳಕನ್ನು ಗುರುತಿಸುವ ಫೈಟೋಕ್ರೋಮ್ ಎಂಬ ವಸ್ತುವಿನ ಶೋಧಕ್ಕೆ ದಾರಿಯಾದದ್ದು ಈ ಪ್ರಯೋಗವೇ.

ಇದರಿಂದ ನಮಗೇನು ಪ್ರಯೋಜನ ಎಂದು ಕೇಳಬಹುದು. ಎರಡು ಪ್ರಯೋಜನಗಳಿವೆ. ಒಂದು, ಈ ಬೀಜವನ್ನು ಆಳಕ್ಕೆ ಹೂಳಬಾರದು. ಎರಡನೆಯದು ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ. ಹಸಿರೆಲೆಯ ಮೂಲಕ ಸೋಸಿ ಬರುವ ಬೆಳಕಿನಲ್ಲಿ ಕೆಂಪು ಭಾಗವನ್ನು ಎಲೆ ಹೀರಿಕೊಂಡಿರುತ್ತದೆ, ಮಲಗಿಸುವ ಬೆಳಕು ಮಾತ್ರ ಉಳಿದಿರುತ್ತದೆ. ತಂಪೆಂದು ತಿಳಿದು ಬೀಜದ ತಟ್ಟೆಯನ್ನು ಹುಣಸೆಮರದ ಕೆಳಗೋ ಕಬ್ಬಿನ ಸಾಲಿನ ನಡುವೆಯೋ ಇಟ್ಟರೆ ತಂಪು ಸಿಕ್ಕೀತು, ಸರಿಯಾದ ಬೆಳಕು ಸಿಕ್ಕದು. ಆದುದರಿಂದ ಬೀಜಕ್ಕೆ ಎಲೆಯ ನೆರಳು ಬೇಡ. ಗೋಡೆಯ ನೆರಳು, ಜಗಲಿಯ ನೆರಳು, ನೆರಳು ಬಲೆಯ ನೆರಳು ಆಗಬಹುದು.

ಮುಂಗಡ ಬಿತ್ತನೆ ಯಾವಾಗ?

ಚಳಿದೇಶಗಳಲ್ಲಿ ಮುಂಗಡ ಲೆಟ್ಯೂಸ್ ಎಂದರೆ ಹೊರಗೆ ಹಿಮ ಕರಗುವ ಮೊದಲೇ ಮನೆಯೊಳಗೆ ಬೆಚ್ಚಗೆ ಸಸಿ ಎಬ್ಬಿಸುವುದು. ನಮ್ಮಲ್ಲಿ ಮುಂಗಡ ಎಂದರೆ ಚಳಿಗಾಲ ಬರುವ ಮೊದಲೇ, ಇನ್ನೂ ಸೆಕೆ ಇರುವಾಗ ತಂಪು ಮಾಡಿ ಸಸಿ ಎಬ್ಬಿಸುವುದು. ಚಳಿದೇಶದವರಿಗಾಗಿ ಬರೆದ ಪುಸ್ತಕವನ್ನು ಓದಿ ಬೀಜವನ್ನು ಒಲೆಯ ಪಕ್ಕ ಬೆಚ್ಚಗಿಟ್ಟರೆ ಇಲ್ಲಿ ಏನೂ ಹುಟ್ಟದು.

ನಮ್ಮ ಸೀಮೆಗೆ ಒಂದು ಅನುಕೂಲವಿದೆ. ಮತ್ತಿಗಿರಿ, ಹೊಸೂರು ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 3,000 ಅಡಿ ಎತ್ತರದಲ್ಲಿವೆ. ಬಯಲುಸೀಮೆಯ ಕೆಳನಾಡುಗಳಲ್ಲಿ ರಾತ್ರಿಯೂ ಬೆವರುವಾಗ ಇಲ್ಲಿ ಭಾದ್ರಪದದ ರಾತ್ರಿಗಳು ಆಗಲೇ 20 ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತವೆ. ಅಂದರೆ ಹಗಲಿನ ಶಾಖವನ್ನು ತಪ್ಪಿಸಿ ರಾತ್ರಿಯ ತಂಪನ್ನು ಬೀಜಕ್ಕೆ ಒದಗಿಸಿದರೆ ಕೆಲಸವಾಯಿತು.

ಲೆಕ್ಕವಿಡಲು ಸುಲಭವಾಗಲೆಂದು ಹಬ್ಬಗಳ ಮೂಲಕ ಹೇಳುತ್ತೇನೆ. ಗೌರಿ ಹಬ್ಬಕ್ಕೆ ಬೀಜ ಹಾಕಿ. ನವರಾತ್ರಿ ಶುರುವಾಗುವ ಹೊತ್ತಿಗೆ ಸುಮಾರು ನಾಲ್ಕು ವಾರ ತುಂಬಿ ಸಸಿ ನಾಟಿಗೆ ಬರುತ್ತದೆ. ದೀಪಾವಳಿಗೆ ಎಂಟು ವಾರವಾಗುತ್ತದೆ, ಬಿಡಿ ಎಲೆಯ ತಳಿಯಾದರೆ ಎಲೆ ಕೊಯ್ಯಬಹುದು. ಆ ಬಳಿಕ ಹದಿನೈದು ದಿನಕ್ಕೊಮ್ಮೆ ಒಂದು ಚಿಟಿಕೆ ಬೀಜ ಹಾಕುತ್ತ ಹೋದರೆ ಮಾಘದವರೆಗೆ ಎಲೆ ತಪ್ಪುವುದಿಲ್ಲ. ಫಾಲ್ಗುಣದ ನಂತರ ಬಿತ್ತಬೇಡಿ. ಬಿಸಿಲೇರಿದಾಗ ಗಿಡ ಬೇಗನೆ ದಂಟು ಬಿಟ್ಟು ಹೂವಿಗೆ ಹೊರಡುತ್ತದೆ, ಅದರ ಹಾಲು ಹೆಚ್ಚಿ ಎಲೆ ಕಹಿಯಾಗುತ್ತದೆ.

ತಳಿಯ ಆಯ್ಕೆ

ಲೆಟ್ಯೂಸಿನಲ್ಲಿ ಕೋಸಿನಂತೆ ಗಡ್ಡೆ ಕಟ್ಟುವವು, ಬಿಡಿ ಎಲೆಯವು, ನೀಳವಾಗಿ ಮೇಲೆದ್ದು ನಿಲ್ಲುವವು ಎಂದು ಮುಖ್ಯವಾಗಿ ಮೂರು ಬಗೆ. ಗ್ರೇಟ್ ಲೇಕ್ಸ್ ಗಡ್ಡೆ ಕಟ್ಟುವ ಹೆಸರಾಂತ ತಳಿ. ಅದಕ್ಕೆ ದಿನವೂ ಹೆಚ್ಚು, ತಂಪೂ ಹೆಚ್ಚು ಬೇಕು. ಮುಂಗಡ ಬೆಳೆಗೆ, ಅದರಲ್ಲೂ ಮನೆಯ ಬಳಕೆಗೆ, ಬಿಡಿ ಎಲೆಯ ತಳಿಗಳೇ ಲೇಸು. ಗ್ರ್ಯಾಂಡ್ ರ್‍ಯಾಪಿಡ್ಸ್, ಚೈನೀಸ್ ಯೆಲ್ಲೋ, ಸ್ಲೋಬೋಲ್ಟ್ ಈ ಗುಂಪಿನವು. ಸ್ಲೋಬೋಲ್ಟ್ ಎಂಬ ಹೆಸರಿನ ಅರ್ಥವೇ ತಡವಾಗಿ ದಂಟು ಬಿಡುವುದು ಎಂದು. ಇವುಗಳಲ್ಲಿ ಹೊರಗಿನ ಎಲೆಗಳನ್ನು ಕಿತ್ತುಕೊಂಡು ನಡುವಿನ ಕುಡಿಯನ್ನು ಬಿಟ್ಟರೆ ಮತ್ತೆ ಚಿಗುರುತ್ತದೆ.

ಒಂದು ಗ್ರಾಂ ಬೀಜದಲ್ಲಿ ಸುಮಾರು 800ರಿಂದ 1,000 ಕಾಳುಗಳಿರುತ್ತವೆ. ಒಂದು ಮನೆಗೆ ಒಂದು ಗ್ರಾಂ ಇಡೀ ಹಂಗಾಮಿಗೆ ಧಾರಾಳವಾಯಿತು. ಕೊಳ್ಳುವಾಗ ಪೊಟ್ಟಣದ ಮೇಲಿನ ತಾರೀಖನ್ನು ನೋಡಿ. ಮಿಕ್ಕಿದ್ದನ್ನು ಗಾಳಿಯಾಡದ ಸೀಸೆಯಲ್ಲಿ, ಒಣಗಿದ ತಂಪು ಜಾಗದಲ್ಲಿ ಇಡಿ. ತಗಡಿನ ಮಾಡಿನ ಕೆಳಗೆ ಒಂದು ಬೇಸಗೆ ಕಳೆದ ಬೀಜವನ್ನು ನಂಬಬೇಡಿ.

ಸಸಿ ಎಬ್ಬಿಸುವ ಕ್ರಮ

1. ಸಂಜೆ ಬಿಸಿಲಿಳಿದ ಮೇಲೆ 50 ಬೀಜವನ್ನು ತೆಳುವಾದ ಬಿಳಿ ಬಟ್ಟೆಯಲ್ಲಿ ಕಟ್ಟಿ ಮಣ್ಣಿನ ಮಡಕೆಯ ತಣ್ಣೀರಿನಲ್ಲಿ ಒಂದು ಗಂಟೆ ನೆನೆಸಿ. ಬಹಳ ಹೊತ್ತು ಮುಳುಗಿಸಿಟ್ಟರೆ ಬೀಜಕ್ಕೆ ಉಸಿರು ಕಟ್ಟುತ್ತದೆ.

2. ನೀರನ್ನು ಹಿಂಡಿ, ಬಟ್ಟೆಯನ್ನು ತಟ್ಟೆಯ ಮೇಲೆ ಬಿಚ್ಚಿ ಹರಡಿ, ಅದೇ ಮಡಕೆಯ ಪಕ್ಕದಲ್ಲಿ ನೆರಳಿರುವ, ಆದರೆ ಕತ್ತಲಿಲ್ಲದ ಜಾಗದಲ್ಲಿಡಿ. ಮಡಕೆಯ ಮೈಯಿಂದ ನೀರು ಜಿನುಗಿ ಆರುವುದರಿಂದ ಅದರ ಸುತ್ತ ತಂಪಿರುತ್ತದೆ. ಬಟ್ಟೆ ಒಣಗದಂತೆ ನೋಡಿಕೊಳ್ಳಿ. ಮನೆಯಲ್ಲಿ ಫ್ರಿಜ್ ಇದ್ದವರು ಒದ್ದೆ ಬೀಜವನ್ನು ಅದರ ಕೆಳಗಿನ ಅರೆಯಲ್ಲಿ ಎರಡು ದಿನ ಇಟ್ಟು ಮೂರನೆಯ ಸಂಜೆ ಬಿತ್ತಬಹುದು. ಐಸ್ ಕಟ್ಟುವ ಪೆಟ್ಟಿಗೆಯಲ್ಲಿ ಇಡತಕ್ಕದ್ದಲ್ಲ.

3. ಮೂರನೆಯ ದಿನದ ಹೊತ್ತಿಗೆ ಬೀಜದ ತುದಿಯಲ್ಲಿ ಬಿಳಿ ಚುಕ್ಕೆಯಂತೆ ಬೇರು ಕಾಣಿಸುತ್ತದೆ. ಅದು ಉದ್ದವಾಗುವ ಮೊದಲೇ ಬಿತ್ತಿಬಿಡಿ. ಬೇರು ಉದ್ದವಾದರೆ ಕೈಯಲ್ಲೇ ಮುರಿಯುತ್ತದೆ.

4. ಒಂಟಿ ಕಣ್ಣಿನ ಕಬ್ಬಿನ ಸಸಿ ಬೆಳೆಸಿದವರ ಮನೆಯಲ್ಲಿ 50 ಗುಳಿಗಳ ಪ್ರೋಟ್ರೇ ಇದ್ದೇ ಇರುತ್ತದೆ. ಅದನ್ನೇ ಚೆನ್ನಾಗಿ ತೊಳೆದು ಒಣಗಿಸಿ ಉಪಯೋಗಿಸಿ. ಜರಡಿ ಹಿಡಿದ ಕೆಮ್ಮಣ್ಣು, ಪೂರ್ಣ ಕಳಿತ ಗೊಬ್ಬರ, ತೆಂಗಿನ ನಾರಿನ ಪುಡಿ ಇವನ್ನು ಸಮಪಾಲಿನಲ್ಲಿ ಬೆರೆಸಿ ತುಂಬಿ. ಕಾರ್ಖಾನೆಯ ಪ್ರೆಸ್‌ಮಡ್ ಬಳಸುವುದಾದರೆ ಕಾಂಪೋಸ್ಟ್ ಆಗಿ ತಣ್ಣಗಾದದ್ದನ್ನು ಮಾತ್ರ ಬಳಸಿ. ಹಸಿ ಪ್ರೆಸ್‌ಮಡ್ ಕೊಳೆಯುವಾಗ ಕಾಯುತ್ತದೆ, ಆ ಕಾವು ಈ ಬೀಜಕ್ಕೆ ಆಗದು.

5. ಗುಳಿಗೊಂದು ಬೀಜ ಇಟ್ಟು, ಕಂಡೂ ಕಾಣದಷ್ಟು ತೆಳುವಾಗಿ ಪುಡಿ ಮಣ್ಣು ಉದುರಿಸಿ. ನೀರನ್ನು ಚಿಮುಕಿಸಬೇಕೇ ಹೊರತು ಸುರಿಯಬಾರದು. ಬಿತ್ತನೆಯನ್ನು ಸಂಜೆಯೇ ಮಾಡಿ. ನೀರು ಕುಡಿದ ಮೊದಲ ಕೆಲವು ಗಂಟೆಗಳೇ ಬೀಜಕ್ಕೆ ನಾಜೂಕಿನ ಕಾಲ, ಆ ಹೊತ್ತು ರಾತ್ರಿಯ ತಂಪಿನಲ್ಲಿ ಕಳೆಯಲಿ.

6. ಮೊಳಕೆ ಮೇಲೆ ಬಂದ ಕೂಡಲೇ ತಟ್ಟೆಯನ್ನು ಬೆಳಗಿನ ಎಳೆ ಬಿಸಿಲು ಬೀಳುವ ಕಡೆಗೆ ಸರಿಸಿ. ನೆರಳಿನಲ್ಲೇ ಬಿಟ್ಟರೆ ಸಸಿ ದಾರದಂತೆ ನೀಳವಾಗಿ ಮಲಗಿಬಿಡುತ್ತದೆ. ಹಿಂಗಾರಿನ ದಪ್ಪ ಹನಿ ನೇರವಾಗಿ ಬೀಳದಂತೆ ಮೇಲೊಂದು ಮರೆ ಇರಲಿ. ಸಂಜೆ ನೀರು ಹಾಕಿ ರಾತ್ರಿಯಿಡೀ ಒದ್ದೆಯಾಗಿಟ್ಟರೆ ಸಸಿಯ ಬುಡ ಕೊಳೆಯುತ್ತದೆ, ಆದುದರಿಂದ ಮೊಳೆತ ಮೇಲೆ ಬೆಳಿಗ್ಗೆ ನೀರು ಕೊಡಿ.

ಈ ಮಾತಿನಲ್ಲಿ ಸಂದೇಹವಿರುವವರು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಂದೇ ಪೊಟ್ಟಣದ 20 ಬೀಜವನ್ನು ಒದ್ದೆ ಬಟ್ಟೆಯಲ್ಲಿಟ್ಟು ಮಡಕೆಯ ಪಕ್ಕ ಇಡಿ, ಇನ್ನು 20 ಬೀಜವನ್ನು ಅದೇ ರೀತಿ ತಗಡಿನ ಮಾಡಿನ ಕೆಳಗೆ ಇಡಿ. ನಾಲ್ಕನೆಯ ದಿನ ಎರಡನ್ನೂ ಎಣಿಸಿ. ಮಕ್ಕಳಿಂದ ಮಾಡಿಸಿದರೆ ಇನ್ನೂ ಒಳ್ಳೆಯದು. ಅಂಗಡಿಯವನ ಮೇಲೆ ಸಿಟ್ಟಾಗುವ ಮೊದಲು ಇಷ್ಟು ಮಾಡಿದರೆ ಬೀಜ ಕೆಟ್ಟದ್ದೋ ಮಲಗಿದ್ದೋ ತಿಳಿದುಬಿಡುತ್ತದೆ.

ನಾಟಿ ಮತ್ತು ಆರೈಕೆ

4 ಅಡಿ ಅಗಲ, 8 ಅಡಿ ಉದ್ದದ ಒಂದು ಮಡಿ ಸಾಕು. ಅಡಿಗೊಂದರಂತೆ 32 ಸಸಿ ಹಿಡಿಯುತ್ತದೆ. ಮಡಿ ನೆಲಕ್ಕಿಂತ ಅರ್ಧ ಅಡಿ ಎತ್ತರವಿರಲಿ, ಆಶ್ವೀಜದ ಮಳೆಯ ನೀರು ನಿಲ್ಲಬಾರದು. ಸಸಿಗೆ ನಾಲ್ಕೈದು ಎಲೆ ಬಂದಾಗ ಸಂಜೆ ಹೊತ್ತಿನಲ್ಲಿ ನಾಟಿ ಮಾಡಿ. ತಟ್ಟೆಯಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳದಲ್ಲಿ ನೆಡಬೇಕು. ಕುಡಿ ಮಣ್ಣಿನಲ್ಲಿ ಹೂತರೆ ಕೊಳೆತುಹೋಗುತ್ತದೆ.

ಬೇರು ಮೇಲ್ಮಟ್ಟದಲ್ಲೇ ಇರುವುದರಿಂದ ನೀರು ಸ್ವಲ್ಪ ಸ್ವಲ್ಪವಾಗಿ ಬೇಕು. ಇಷ್ಟು ಮಡಿಗೆ ಬಿಸಿಲಿನ ದಿನ ಒಂದು ಕೊಡ ನೀರು ಸಾಲುತ್ತದೆ. ಸಾಲುಗಳ ನಡುವೆ ಕಬ್ಬಿನ ಒಣ ರವದಿಯನ್ನು ತುಂಡು ಮಾಡಿ ತೆಳುವಾಗಿ ಹರಡಿದರೆ ನೆಲ ತಂಪಾಗಿರುತ್ತದೆ, ಮಳೆಗೆ ಮಣ್ಣು ಸಿಡಿದು ಎಲೆಗೆ ಅಂಟುವುದೂ ತಪ್ಪುತ್ತದೆ. ಗಿಡದ ಬುಡಕ್ಕೆ ಒತ್ತಿ ಹಾಕಬೇಡಿ, ಬಸವನ ಹುಳುಗಳು ಅಡಗಿಕೊಳ್ಳುತ್ತವೆ. ಅವನ್ನೂ ಎಲೆ ತಿನ್ನುವ ಹುಳುಗಳನ್ನೂ ಮುಂಜಾನೆ ಕೈಯಿಂದಲೇ ಆರಿಸಿ ತೆಗೆಯಿರಿ. 32 ಗಿಡಕ್ಕೆ ಔಷಧಿಯ ಅಗತ್ಯವಿಲ್ಲ. ಕೋಳಿ ಮತ್ತು ಮೇಕೆಗಳಿಗೆ ಮಾತ್ರ ಗಟ್ಟಿ ಬೇಲಿ ಬೇಕು.

ಕಬ್ಬು ಬೆಳೆಗಾರರಿಗೆ ವಿಶೇಷ ಎಚ್ಚರಿಕೆ

ಕಬ್ಬಿನ ಗದ್ದೆಯ ಮಣ್ಣು ಫಲವತ್ತಾದುದೆಂದು ತಿಳಿದು ತಟ್ಟೆಗೋ ಮಡಿಗೋ ಅದನ್ನು ತರುವ ಮೊದಲು ಯೋಚಿಸಿ. ಕಳೆನಾಶಕವಾಗಿ ನಾವು ಸಿಂಪಡಿಸುವ ಅಟ್ರಜಿನ್ ಕಬ್ಬನ್ನು ಬಾಧಿಸುವುದಿಲ್ಲ, ಆದರೆ ತಿಂಗಳುಗಟ್ಟಲೆ ಮಣ್ಣಿನಲ್ಲಿ ಉಳಿದು ಲೆಟ್ಯೂಸಿನಂತಹ ಎಳೆ ಸೊಪ್ಪನ್ನು ಕೊಲ್ಲಬಲ್ಲದು. 2,4-ಡಿ ಸಿಂಪಡಿಸಿದ ಪಂಪನ್ನು ಎಷ್ಟು ತೊಳೆದರೂ ಈ ಮಡಿಯ ಹತ್ತಿರ ತರಬೇಡಿ. ಗಾಳಿಯಲ್ಲಿ ತೇಲಿಬಂದ ಅದರ ಹನಿಗೂ ಎಲೆ ಮುರುಟುತ್ತದೆ. ಕಬ್ಬಿಗೆಂದು ತಂದ ಹರಳು ಕೀಟನಾಶಕವನ್ನು ಸೊಪ್ಪಿನ ಬುಡಕ್ಕೆ ಹಾಕುವುದಂತೂ ಸರ್ವಥಾ ಸಲ್ಲದು. ಅಂಥ ವಿಷವನ್ನು ಬೇರು ಹೀರುತ್ತದೆ, ಅದು ಎಲೆಗೆ ಏರುತ್ತದೆ, ತೊಳೆದರೆ ಹೋಗುವುದಿಲ್ಲ.

ಹಸಿಯಾಗಿ ತಿನ್ನುವ ಎಲೆ

ಇನ್ನು ಬಹಳ ಮುಖ್ಯವಾದ ವಿಷಯ. ದಂಟು, ಕೀರೆ, ಹರಿವೆಗಳನ್ನು ನಾವು ಬೇಯಿಸುತ್ತೇವೆ. ಕುದಿಯುವ ಸಾರಿನಲ್ಲಿ ರೋಗಾಣುಗಳು ಸಾಯುತ್ತವೆ. ಲೆಟ್ಯೂಸನ್ನು ಹಸಿಯಾಗಿ ತಿನ್ನುತ್ತೇವೆ. ಆದುದರಿಂದ ಅದಕ್ಕೆ ಹಾಕುವ ನೀರೂ ಗೊಬ್ಬರವೂ ನಮ್ಮ ಹೊಟ್ಟೆಗೇ ಹಾಕಿದಂತೆ.

ದಕ್ಷಿಣ ಪಿನಾಕಿನಿ ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನ ಪೂರ್ವದ ಅಂಚಿನಲ್ಲಿ ಹಾದು, ಆ ನಗರದ ಕೊಳಚೆಯನ್ನು ಹೊತ್ತು ನಮ್ಮ ಕೆಲವರಪಳ್ಳಿ ಜಲಾಶಯಕ್ಕೆ ಬರುತ್ತದೆ. ಮಳೆಗಾಲದಲ್ಲಿ ಅಣೆಕಟ್ಟಿನ ಕೆಳಗೆ ಬೆಟ್ಟದಂತೆ ನೊರೆ ಎದ್ದದ್ದನ್ನು ಈಚಿನ ವರ್ಷಗಳಲ್ಲಿ ತಾವೇ ಕಂಡಿದ್ದೀರಿ. ಆ ನೀರನ್ನಾಗಲಿ, ಆ ಕಾಲುವೆಯ ನೀರನ್ನಾಗಲಿ, ಬಚ್ಚಲ ನೀರನ್ನಾಗಲಿ ಲೆಟ್ಯೂಸ್ ಮಡಿಗೆ ಹಾಯಿಸಬೇಡಿ. ಕುಡಿಯಲು ಯೋಗ್ಯವಾದ ಬಾವಿ ಅಥವಾ ಕೊಳವೆಬಾವಿಯ ನೀರನ್ನೇ ಬಳಸಿ. ದಿನಕ್ಕೆ ಒಂದು ಕೊಡದ ಮಾತಷ್ಟೆ.

ಹಸಿ ಸಗಣಿ, ಹಸಿ ಕೋಳಿಗೊಬ್ಬರ ಬೇಡ. ಕನಿಷ್ಠ ನಾಲ್ಕು ತಿಂಗಳು ಕಳಿತು, ವಾಸನೆ ಹೋಗಿ, ಮಣ್ಣಿನ ಬಣ್ಣಕ್ಕೆ ತಿರುಗಿದ ಗೊಬ್ಬರವನ್ನು ನಾಟಿಗೆ ಮೊದಲೇ ಮಡಿಗೆ ಬೆರೆಸಿ. ದನಗಳಿಗೇನೂ ಕೊರತೆಯಿಲ್ಲದ ಊರು ನಮ್ಮದು. 1824ರಲ್ಲಿ ಸೈನ್ಯದ ಕುದುರೆಗಳಿಗಾಗಿ ಶುರುವಾದ ಮತ್ತಿಗಿರಿಯ ಫಾರಂ ಇಂದಿಗೂ ಜಾನುವಾರು ಕ್ಷೇತ್ರವಾಗಿ ನಡೆದುಬಂದಿದೆ. ಇಲ್ಲಿಯವರಿಗೆ ಗೊಬ್ಬರ ಸಿಗುವುದು ಕಷ್ಟವಲ್ಲ, ಅದು ಕಳಿಯುವ ತನಕ ಕಾಯುವುದೇ ಕಷ್ಟ.

ಮನುಷ್ಯರ ಮಲದಿಂದ ಮಣ್ಣಿಗೂ ನೀರಿಗೂ ಸೇರುವ ಲಾಡಿಹುಳುವಿನ ಮೊಟ್ಟೆ ಹಸಿ ಸೊಪ್ಪಿನ ಮೂಲಕ ಹೊಟ್ಟೆ ಸೇರಿದರೆ, ಅದರ ಮರಿ ರಕ್ತದಲ್ಲಿ ಸಾಗಿ ಮಿದುಳಿನಲ್ಲಿ ನೆಲೆಯೂರಬಹುದು. ನಮ್ಮ ದೇಶದಲ್ಲಿ ಮಕ್ಕಳಿಗೂ ದೊಡ್ಡವರಿಗೂ ಬರುವ ಫಿಟ್ಸ್‌ಗೆ ಇದೊಂದು ಮುಖ್ಯ ಕಾರಣ. ಮಾಂಸ ಮುಟ್ಟದವರಿಗೂ ಇದು ಬರುತ್ತದೆ, ಏಕೆಂದರೆ ಈ ರೋಗ ತಗಲುವುದು ಮೊಟ್ಟೆಯಿಂದ, ಮಾಂಸದಿಂದಲ್ಲ. ಇದನ್ನು ಹೇಳುತ್ತಿರುವುದು ಹೆದರಿಸಲಿಕ್ಕಲ್ಲ. ಮಡಿಯ ಸುತ್ತ ಬಯಲುಕಡೆ ಇರಬಾರದು, ಕೀಳುವವರ ಕೈ ಸಾಬೂನಿನಿಂದ ತೊಳೆದಿರಬೇಕು, ಎಲೆಗಳನ್ನು ಒಂದೊಂದಾಗಿ ಬಿಡಿಸಿ ಹರಿಯುವ ನೀರಿನಲ್ಲಿ ಬೆರಳಿನಿಂದ ಉಜ್ಜಿ ಮೂರು ಸಲ ತೊಳೆಯಬೇಕು. ಉಪ್ಪುನೀರಿನಲ್ಲಿ ಅದ್ದಿ ತೆಗೆದರೆ ಸಾಕೆಂಬ ನಂಬಿಕೆ ಸರಿಯಲ್ಲ. ಸಂತೆಯ ಸೊಪ್ಪು ಯಾವ ನೀರಿನಲ್ಲಿ ಬೆಳೆಯಿತೆಂದು ನಮಗೆ ತಿಳಿಯದು. ಮನೆಯಲ್ಲಿ ಬೆಳೆದುದರ ದೊಡ್ಡ ಲಾಭವೇ ಅದು ತಿಳಿದಿರುವುದು.

ಊಟಕ್ಕೆ ಹೇಗೆ?

ಹಸಿ ಸೊಪ್ಪು ತಿನ್ನುವುದು ಕನ್ನಡಿಗರಿಗೆ ಹೊಸದಲ್ಲ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಜೊತೆ ಹಕ್ಕರಿಕೆ, ಮೆಂತ್ಯ, ಮೂಲಂಗಿ ಸೊಪ್ಪುಗಳನ್ನು ಹಸಿಯಾಗಿಯೇ ಮೆಲ್ಲುತ್ತಾರೆ. ಲೆಟ್ಯೂಸನ್ನು ಕೈಯಿಂದ ಹರಿದು, ನೆನೆಸಿದ ಹೆಸರುಬೇಳೆಯ ಕೋಸಂಬರಿಗೆ ಸೇರಿಸಬಹುದು. ನಿಂಬೆ ಹಿಂಡಿ, ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಿ. ಮೊದಲೇ ಹಾಕಿದರೆ ಎಲೆ ನೀರು ಬಿಟ್ಟು ಸೊರಗುತ್ತದೆ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಜೊತೆಗೂ ಚೆನ್ನ. ಬೆಳಿಗ್ಗೆ ಇಬ್ಬನಿ ಆರಿದ ಕೂಡಲೇ ಕಿತ್ತ ಎಲೆ ಗರಿಗರಿಯಾಗಿರುತ್ತದೆ.

ಪೌಷ್ಟಿಕತೆಯಲ್ಲಿ ಇದು ನಮ್ಮ ನುಗ್ಗೆ, ದಂಟುಗಳನ್ನು ಮೀರಿಸುವುದಿಲ್ಲ. ಎಲೆಯ ತೂಕದಲ್ಲಿ 95 ಪಾಲು ನೀರೇ. ಆದುದರಿಂದ ಅವನ್ನು ಬಿಟ್ಟು ಇದನ್ನು ಬೆಳೆಯಿರೆಂದು ನಾನು ಹೇಳುವುದಿಲ್ಲ, ಅವುಗಳ ಜೊತೆಗೆ ಬೆಳೆಯಿರೆಂದು ಹೇಳುತ್ತೇನೆ.

ಮಾರಾಟದ ಮಾತು

ಬೆಂಗಳೂರಿನ ಹೋಟೆಲುಗಳು ಇದಕ್ಕೆ ಒಳ್ಳೆಯ ಬೆಲೆ ಕೊಡುತ್ತವೆಂದು ಕೇಳಿ, ಕಬ್ಬು ತೆಗೆದು ಎಕರೆಗಟ್ಟಲೆ ಲೆಟ್ಯೂಸ್ ಹಾಕೋಣವೆಂದು ಯೋಚಿಸುವವರು ಇಲ್ಲಿ ಇದ್ದೀರಿ. ಕಡಿದ ಕಬ್ಬು ಒಂದು ದಿನ ತಡವಾದರೆ ತೂಕ ಇಳಿದೀತು, ಸಕ್ಕರೆ ಇಳುವರಿ ತಗ್ಗೀತು, ಆದರೂ ಕಾರ್ಖಾನೆ ಕೊಳ್ಳುತ್ತದೆ. ಕೊಯ್ದ ಲೆಟ್ಯೂಸ್ ಬಿಸಿಲಲ್ಲಿ ಅರ್ಧ ದಿನ ನಿಂತರೆ ಕೊಳ್ಳುವವರೇ ಇಲ್ಲ. ಕೊಳ್ಳುವವರು ಯಾರು, ಸಾಗಿಸುವ ವಾಹನ ಯಾವುದು, ಬೆಲೆ ಏನು ಎಂಬುದು ಮೊದಲೇ ನಿಶ್ಚಯವಾಗದೆ ಹೊಲಕ್ಕೆ ಇಳಿಯಬೇಡಿ. ಎರಡು ಹಂಗಾಮು ಮನೆಯ ಮಡಿಯಲ್ಲಿ ಬೆಳೆದು ಕೈ ಪಳಗಲಿ. ಆಮೇಲೆ ಬೇಕಾದರೆ ಗುಂಟೆಯ ಮಾತಾಡೋಣ.

ಸದಸ್ಯ ಬಾಂಧವರೇ, ಮುಂದಿನ ಗೌರಿ ಹಬ್ಬಕ್ಕೆ ಪ್ರತಿ ಮನೆಯಲ್ಲೂ ಒಂದು ತಟ್ಟೆ ಬೀಜ ಏಳಲಿ ಎಂಬುದು ನನ್ನ ಕೋರಿಕೆ. ಮೊದಲ ಮೂರು ದಿನ ತಂಪು, ತೆಳುವಾದ ಮಣ್ಣು, ಗೋಡೆಯ ನೆರಳು, ಕುಡಿಯುವಂಥ ನೀರು, ಕಳಿತ ಗೊಬ್ಬರ, ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. ಈ ಸಂಚಿಕೆ ಓದಿ ಮುಗಿಸಿದ ಮೇಲೆ ಮನೆಯ ಹೆಣ್ಣುಮಕ್ಕಳ ಕೈಗೂ ಕೊಡಿ, ಮಡಿಯ ನಿಜವಾದ ಯಜಮಾನಿಯರು ಅವರೇ. ಬೀಜ ಹಾಕಿದವರು ಎಷ್ಟು ಹಾಕಿದಿರಿ, ಎಷ್ಟು ಮೊಳೆಯಿತು ಎಂಬುದನ್ನು ಬರೆದಿಟ್ಟು ಮುಂದಿನ ಸಭೆಗೆ ತನ್ನಿ. ಆ ಲೆಕ್ಕವನ್ನು ಎಲ್ಲರೂ ಕೂಡಿ ನೋಡಿ, ನಮ್ಮ ಊರಿಗೆ ಯಾವ ವಾರದ ಬಿತ್ತನೆ ಸರಿಯೆಂಬುದನ್ನು ನಾವೇ ಗೊತ್ತುಮಾಡಿಕೊಳ್ಳೋಣ.